ಬಿಳಿ ಜಾಗ ಬಿಡಬೇಡಿ

ಮಳೆ ಹಿಡಿದು ಮೂರು ದಿನ. ಅಚ್ಚುಮನೆಯ ಹಗ್ಗಗಳ ಮೇಲೆ ತೂಗುಹಾಕಿದ ಚಿತ್ರದ ಹಾಳೆಗಳು ಒಣಗುವ ಲಕ್ಷಣವೇ ಇರಲಿಲ್ಲ. ಕೆಲಸ ನಿಲ್ಲಿಸಿ ಹೆಂಗಸರೆಲ್ಲ ಮುದುಕನ ಸುತ್ತ ಕೂತರು. ಮರದ ಹಲಗೆ ಕೆತ್ತುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಚಿತ್ರದಲ್ಲಿ ಬೆರಳಗಲ ಬಿಳಿ ಜಾಗವನ್ನೂ ಬಿಡದೆ ಎಲೆ, ಗೆರೆ ತುಂಬುತ್ತಿದ್ದ. ಹೊಸದಾಗಿ ಸೇರಿದಾಕೆ ಇವತ್ತು ಒತ್ತಿ ತೂಗುಹಾಕಿದ ಹಾಳೆಗಳಲ್ಲಿ ಆಕಾಶವನ್ನು ಬಿಳಿಯಾಗಿಯೇ ಬಿಟ್ಟಿದ್ದಳು. ಅದನ್ನು ಕಂಡಾಗಿನಿಂದ ಅವನದು ಒಂದೇ ಸಿಡಿಮಿಡಿ.

"ಏನಜ್ಜ, ಖಾಲಿ ಜಾಗ ಕಂಡ್ರೆ ದೆವ್ವ ಕಂಡೋರ ಹಾಗೆ ಆಡ್ತೀರಲ್ಲ?" ಎಂದು ಅವಳು ಕೆಣಕಿದಳು.

"ಕೇಳು, ಆಮೇಲೆ ನಗು... ನನಗೊಬ್ಬ ತಮ್ಮ ಇದ್ದ. ನಾನು ಹಾಕಿದ ಗೆರೆ ದಾಟ್ತಿರಲಿಲ್ಲ. ಆಗ ಪ್ರಾರ್ಥನಾಲಯಕ್ಕೆ ಯೇಸುವಿನ ಕೊನೇ ಊಟದ ಚಿತ್ರ ಬೇಕಿತ್ತು. ಹನ್ನೊಂದು ಮಂದಿ ಶಿಷ್ಯರನ್ನ ಕೆತ್ತಿಬಿಟ್ಟೆ. ಉಳಿದವನು ಯೂದ, ಗುರುವಿಗೆ ಮುತ್ತು ಕೊಟ್ಟೇ ಹಿಡಿದುಕೊಟ್ಟ ದ್ರೋಹಿ. ಅವನಿಗೆ ಎಂಥ ಮುಖ ಬೇಕು ಹೇಳಿ? ದ್ರೋಹಿ ದ್ರೋಹಿಯ ಹಾಗೇ ಕಂಡ್ರೆ ಯಾರಾದ್ರೂ ಮೋಸ ಹೋಗ್ತಾರಾ? ಎಲ್ಲರೂ ನಂಬೋ ಮುಖ ಬೇಕು... ಅದು ನನ್ನ ಮನೇಲೇ ಇತ್ತು.

ತಮ್ಮನ್ನ ಕಿಟಕಿ ಹತ್ರ ಕೂರಿಸಿದೆ. 'ಇದರಲ್ಲಿ ನಾನು ಯಾರಣ್ಣ?' ಅಂದ. 'ಗುರುವಿಗೆ ಎಲ್ಲರಿಗಿಂತ ಪ್ರೀತಿಯವನು ಕಣೋ' ಅಂದೆ. ಥೂ, ನನ್ನ ಜನ್ಮಕ್ಕೆ! ಪ್ರತಿಯೊಬ್ಬನ ಕೆಳಗೂ ಹೆಸರು ಕೆತ್ತಿದ್ದೆ, ಅವನಿಗೆ ಓದೋಕೆ ಬರ್ತಿರಲಿಲ್ಲ, ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಅವನೋ, ಇಸ್ತ್ರಿ ಅಂಗಿ ಹಾಕ್ಕೊಂಡು, ಗೆಳೆಯರನ್ನೆಲ್ಲ ಕರ್ಕೊಂಡು ನೋಡೋಕೆ ಹೋದ... ಅವರಲ್ಲೊಬ್ಬ ಜೋರಾಗಿ ಓದಿದ. ಬೀದಿ ಮಕ್ಕಳು 'ಯೂದಾ, ಯೂದಾ' ಅಂತ ಮನೆ ತನಕ ಬೆನ್ನು ಹತ್ತಿದ್ವು. ನನ್ನನ್ನ ಬೈಲಿಲ್ಲ ಕಣ್ರಮ್ಮ. ಬಾಗಿಲಲ್ಲಿ ನಿಂತು 'ನಾನು ಯಾರಣ್ಣ?' ಅಂತ ಮತ್ತೆ ಅದನ್ನೇ ಕೇಳಿದ. ನಾನು ತಲೆ ತಗ್ಗಿಸಿದೆ. ಮಾರನೇ ದಿನ ಹೊಳೇಲಿ ಸಿಕ್ಕಿದ.

ಹಲಗೆಯಿಂದ ಆ ಮುಖವನ್ನ ಉಳೀಲಿ ಕೆತ್ತಿ ತೆಗೆದುಹಾಕಿದೆ. ಮರ ತಗ್ಗಾದ ಕಡೆ ಶಾಯಿ ಹತ್ತಲ್ಲ, ಹಾಳೆ ಬಿಳೀನೇ ಉಳೀಬೇಕು, ಅಲ್ವಾ? ಒತ್ತಿದೆ... ಬಿಳೀನೇ ಇತ್ತು. ಒಣಗ್ತಾ ಒಣಗ್ತಾ ಅದೇ ಮುಖ ಮೂಡಿತು! ಹಲಗೇನೇ ಸುಟ್ಟೆ. ಹೂವು ಕೆತ್ತಿದೆ, ಹಡಗು ಕೆತ್ತಿದೆ; ಎಲ್ಲಿ ಬಿಳಿ ಬಿಟ್ಟೆನೋ ಅಲ್ಲಿ ಬಂದ. ಕೋಪ ಇಲ್ಲ ಅವನಿಗೆ... ಕೇಳ್ತಾನೆ, ಅಷ್ಟೇ."

ಯಾರೂ ನಗಲಿಲ್ಲ. ಮಳೆ ಯಾವಾಗ ನಿಂತಿತೋ ಕೆಣಕಿದವಳಿಗೂ ತಿಳಿದಿರಲಿಲ್ಲ. ಮುದುಕ ಹಗ್ಗದ ಕಡೆ ನೋಡದೆ ಎದ್ದು ಕೊಡೆ ತೆಗೆದುಕೊಂಡ.

"ಹಾಳೆ ಒಣಗ್ತಾ ಬಂತು, ನಾನು ಹೊರಟೆ. ಅವನು ಕೇಳಿದ್ರೆ, 'ನಿಮ್ಮಣ್ಣನಿಗೆ ಎಲ್ಲರಿಗಿಂತ ಪ್ರೀತಿಯವನು' ಅಂತ ನೀವಾದ್ರೂ ಹೇಳ್ರಮ್ಮ... ನಾನು ಹೇಳಿದ್ರೆ ನಂಬಲ್ಲ."