ಜ್ವರ ಬಾರದ ಶಾಲೆಗೆ ಸನ್ಮಾನ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರೂ ಅಡಿಕೆ ವರ್ತಕರೂ ಆದ ಮುರುಗಪ್ಪನವರೇ, ಹೊಳಲ್ಕೆರೆಯಿಂದ ಬಿಸಿಲಲ್ಲಿ ಬಂದಿರುವ ಅತಿಥಿಗಳೇ, ನನ್ನ ಸಹಶಿಕ್ಷಕರೇ, ಆಗಲೇ ಆಕಳಿಸುತ್ತಿರುವ ಮಕ್ಕಳೇ, ಜಾಗ ಸಿಗದೆ ನಿಂತಿರುವ ತಾಯಂದಿರೇ, ಎಲ್ಲ ಸಭಿಕರೇ,

ಮುಖ್ಯೋಪಾಧ್ಯಾಯಿನಿ ಉಷಾರಾಣಿಯವರು ಎರಡು ಮಾತು ಆಡುತ್ತಾರೆ ಎಂದು ನಿರೂಪಕರು ಹೇಳಿದರು. ಬೆಳಿಗ್ಗೆ ಹೊರಡುವಾಗ ನಮ್ಮ ಯಜಮಾನರೂ ಅದನ್ನೇ ಹೇಳಿದ್ದರು. "ಶಾಲು ಹೊದಿಸ್ತಾರೆ, ಹೊದಿಸ್ಕಂಡು ಥ್ಯಾಂಕ್ಸ್ ಹೇಳಿ ಕುಂತ್ಕ. ಊರ ಉಸಾಬರಿ ಬ್ಯಾಡ." ಅವರ ಮಾತು ಕೇಳಿದಾಗಲೆಲ್ಲ ನನಗೆ ಒಳ್ಳೆಯದೇ ಆಗಿದೆ. ಆದರೂ ಮೈಕು ಕೈಗೆ ಸಿಕ್ಕಿದೆ.

ನಿಮ್ಮ ಯುವಕ ಸಂಘದವರು ನಮ್ಮ ಶಾಲೆಗೆ 'ಜ್ವರಮುಕ್ತ ಶಾಲೆ' ಎಂಬ ಫಲಕ ಕೊಟ್ಟಿದ್ದಾರೆ. ಊರೂರಲ್ಲಿ ಹಂದಿಜ್ವರದ ಸುದ್ದಿ ಇದ್ದ ಈ ವರ್ಷ ನಮ್ಮಲ್ಲಿ ಒಂದು ಮಗುವಿಗೂ ಜ್ವರ ಬರಲಿಲ್ಲವಂತೆ. ನಿಜವೇ? ಜ್ವರ ಬಂದ ಮಕ್ಕಳಿಗೆ ಪ್ರಾರ್ಥನೆಗೆ ಮೊದಲೇ ಮಾತ್ರೆ ನುಂಗಿಸಿ ಕಳಿಸಿದವರು ಯಾರು? ಸಂಕ್ರಾಂತಿಯ ಹೊತ್ತಿಗೆ ಅರ್ಧ ಶಾಲೆ ಕೆಮ್ಮುತ್ತಿತ್ತು. ಕೇಳಿದರೆ ಎಲ್ಲರಿಗೂ ಧೂಳಿನ ಅಲರ್ಜಿ. ಒಂದೇ ವಾರದಲ್ಲಿ ಅಷ್ಟು ಧೂಳು ಎಲ್ಲಿಂದ ಬಂತೋ ನಾನು ಕಾಣೆ.

ನಾನು ಚಿಕ್ಕವಳಿದ್ದಾಗ ಮೈತುಂಬ ಗುಳ್ಳೆ ಎದ್ದಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. 'ಅಮ್ಮ ಬಂದಾಳೆ' ಎಂದು ಕೇರಿಯವರು ಬಾಗಿಲ ಹೊರಗೆ ನಿಂತು ಕೈಮುಗಿದು ಹೋಗುತ್ತಿದ್ದರು. ಬರಗೇರಮ್ಮ ಎಂಬ ಮುದುಕಿ ದಿನಾ ಮೊಸರನ್ನ ತಂದಿಡುತ್ತಿದ್ದಳು. ಅದೂ ಅಂಟುವ ರೋಗವೇ. ಆದರೆ ಅದಕ್ಕೆ ಅಮ್ಮ ಎಂದು ಹೆಸರಿಟ್ಟಿದ್ದೆವು. ನಾನು ಆಮೇಲೆ ಶಾಲೆಗೆ ಹೋದಾಗ ಮೇಷ್ಟ್ರು ಎದ್ದು ನಿಂತು ಕರೆದುಕೊಂಡರು. ಈ ಹೊಸ ಜ್ವರಕ್ಕೂ ಯಾರಾದರೂ ಒಳ್ಳೆಯ ಹೆಸರಿಡಬಾರದಿತ್ತೇ?

ಹೋದ ಆಗಸ್ಟ್, ಅಂದರೆ ಎರಡು ಸಾವಿರದ ಒಂಬತ್ತರ ಆಗಸ್ಟ್, ನಿಮಗೆ ನೆನಪಿರಬೇಕು. ಕರವಸ್ತ್ರದಲ್ಲಿ ಕರ್ಪೂರ ಕಟ್ಟಿಕೊಂಡು ಮೂಸುತ್ತಿದ್ದೆವು. ಶಾಲೆಯಲ್ಲಿ ಏನು ಮುನ್ನೆಚ್ಚರಿಕೆ ತಗೊಳ್ಳಬೇಕು ಎಂದು ಸಭೆ ಕರೆದೆವು. ಕೈ ತೊಳೆಯಲು ಸೋಪು, ಕುಡಿಯಲು ಬಿಸಿನೀರು, ಜ್ವರ ಬಂದ ಮಗುವಿಗೆ ರಜೆ, ಇಷ್ಟನ್ನು ನಾನು ಹೇಳಿದೆ. ಅಧ್ಯಕ್ಷರು ಎಲ್ಲಕ್ಕೂ ತಲೆಯಾಡಿಸಿ, "ಅದೆಲ್ಲ ಇರ್ಲಿ ಮೇಡಂ, ಮೊದ್ಲು ಹಂದಿ ಸಾಕೋ ಕೇರಿ ಮಕ್ಳನ್ನ ಮನೇಲಿ ಇರ್ಸಾಣ" ಅಂದರು. ಈ ಜ್ವರ ಹಂದಿಯಿಂದ ಬರುವುದಿಲ್ಲ, ಕೆಮ್ಮುವ ಮನುಷ್ಯನಿಂದ ಮನುಷ್ಯನಿಗೆ ಬರುತ್ತದೆ ಎಂದು ಹೇಳಿದೆ. ಒಂದಲ್ಲ, ಹತ್ತು ಸಲ ಹೇಳಿದೆ. ಅವರು ಒಂದೇ ಸಲ ಕೇಳಿದರು: "ಹಂಗಾದ್ರೆ ಹಂದಿಜ್ವರ ಅಂತ ಯಾಕಂತಾರ್ರಿ?"

ಸಭೆ ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಆ ಕೇರಿಯ ಮಕ್ಕಳು ಬರಲಿಲ್ಲ. ಬಂದರೆ ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಎಂದು ಉಳಿದವರು ಗೇಟಿನ ಹತ್ತಿರ ನಿಂತಿದ್ದರು. ನಾನು ಮೇಲಿನವರಿಗೆ ಹೇಳಿದೆ, ಅವರು ಊರವರನ್ನು ಒಲಿಸಿಕೊಳ್ಳಿ ಅಂದರು.

ದಸರಾ ರಜೆ ಮುಗಿದ ಮೇಲೆ ಹೊನ್ನಕ್ಕ ಬಂದಳು, ಐದನೇ ತರಗತಿಯ ಕಾವ್ಯಶ್ರೀಯ ತಾಯಿ. ಕಚೇರಿಯೊಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು. "ಮೇಡಂ, ಹಂದಿ ಎಲ್ಲಾ ಮಾರಿಬಿಟ್ವಿ. ಒಂದೂ ಇಲ್ಲ, ಬೇಕಾದ್ರೆ ಬಂದು ನೋಡ್ರಿ. ಹುಡುಗೀನ ಸೇರಿಸ್ಕಳ್ರಿ" ಅಂದಳು. ಆ ಮನೆಯ ಅನ್ನವೇ ಅದು. ಮಗಳ ಪಾಠಕ್ಕಾಗಿ ಮಾರಿ ಬಂದಿದ್ದಳು. ನಾನು ಹುಡುಗಿಯನ್ನು ಕೈಹಿಡಿದು ತಂದು ಕೂರಿಸಿದೆ. ಮಧ್ಯಾಹ್ನದ ಊಟಕ್ಕೆ ಅವಳ ಪಂಕ್ತಿಯಲ್ಲಿ ಅವಳೊಬ್ಬಳೇ ಇದ್ದಳು. ಹಂದಿ ಹೋಗಿತ್ತು, ಹೆಸರು ಹೋಗಿರಲಿಲ್ಲ. ದೀಪಾವಳಿಗೆ ಮೊದಲೇ ಆ ಸಂಸಾರ ಹಿರಿಯೂರಿನ ಕಡೆ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೊರಟುಹೋಯಿತು.

ಈಗ ಒಂದು ಸಂತೋಷದ ಸುದ್ದಿ ಇದೆ. ದಾನಿಗಳೊಬ್ಬರು ಜೂನ್ ತಿಂಗಳಲ್ಲಿ ನಮ್ಮ ಮಕ್ಕಳಿಗೆಲ್ಲ ಫ್ಲೂ ಚುಚ್ಚುಮದ್ದು ಹಾಕಿಸುತ್ತಾರಂತೆ. ಆ ಕೇರಿಯ ಮಕ್ಕಳನ್ನು ಮೊದಲು ಶಾಲೆಗೆ ಕರೆತರೋಣ, ಅವರಿಗೂ ಹಾಕಿಸೋಣ ಎಂದು ಕೇಳಿಕೊಂಡೆ. "ಶಾಲೇಲಿ ಇಲ್ಲದ ಮಕ್ಳಿಗೆ ಎಲ್ಲಿಂದ ಹಾಕ್ಸಾಣ್ರಿ?" ಅಂದರು ಅಧ್ಯಕ್ಷರು. ಅಧ್ಯಕ್ಷರು ಕೆಟ್ಟವರಲ್ಲ. ಈ ಶಾಲೆಯ ಗೋಡೆಗೆ ಸುಣ್ಣ ಹೊಡೆಸಿದವರು ಅವರೇ. ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತೇನೋ.

ಆದರೂ ಮನಸ್ಸು ತಡೆಯಲಿಲ್ಲ. ಹೋದ ಭಾನುವಾರ ಹಿರಿಯೂರಿಗೆ ಹೋದೆ, ಒಂದು ಮಗುವನ್ನಾದರೂ ಕರೆತರೋಣ ಎಂದು. ಸಿಪ್ಪೆಯ ರಾಶಿಯ ಹತ್ತಿರ ಕಾವ್ಯಶ್ರೀ ಇದ್ದಳು. ಓಡಿ ಬರುತ್ತಾಳೆ ಅಂದುಕೊಂಡೆ. ಅವಳು ಮೂಗು ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದಳು.

"ಅಲ್ಲೇ ನಿಂತ್ಕಳ್ರಿ ಮೇಡಂ. ನಮಗೆ ಹಂದಿಜ್ವರ ಐತೆ."

ಹೋಗಿ ಹಣೆ ಮುಟ್ಟಿದೆ. ತಣ್ಣಗಿತ್ತು. ಜ್ವರ ಇಲ್ಲ ಕಣೆ ಅಂದೆ. ಅವಳು ನಂಬಲಿಲ್ಲ.

"ಹಂದಿ ಮಾರಿದ್ರೂ ಹೋಗ್ಲಿಲ್ಲ ಅಂತ ಅವ್ವ ಅಳ್ತಾಳೆ. ಸೂಜಿ ಹಾಕಿಸ್ಕಂಡ್ರೆ ಹೋಗ್ತೈತಾ ಮೇಡಂ? ಎಷ್ಟು ನೋವಾದ್ರೂ ಅಳಲ್ಲ."

ಸಭಿಕರೇ, ಆ ಸೂಜಿ ಯಾವ ಡಾಕ್ಟರ ಹತ್ತಿರವೂ ಇಲ್ಲ ಎಂದು ಆ ಮಗುವಿಗೆ ಹೇಗೆ ಹೇಳುವುದು? 'ಜೂನ್‌ನಲ್ಲಿ ಹಾಕಿಸಾಣ' ಅಂದು ಬಸ್ಸು ಹತ್ತಿದೆ. ಅವಳು ನಂಬಿದ್ದಾಳೆ. ಜೂನ್ ಬರುತ್ತದೆ.

ಶಾಲು ಹೊದಿಸಿದವರಿಗೆ, ಕೇಳಿದವರಿಗೆ, ಕೇಳಿಯೂ ಕೇಳದಂತೆ ಕೂತವರಿಗೆ, ಎಲ್ಲರಿಗೂ ನಾನು ಋಣಿ. ನಮಸ್ಕಾರ.