ಕೇಳದೆ ಕೊಟ್ಟ ಒಪ್ಪಿಗೆ

ಶಿಗ್ಗಾಂವ ಬಸ್ ನಿಲ್ದಾಣದ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿಯೊಂದು ಇಂದು ಘಟಿಸಿತು: ಫ್ಯಾನಿನ ಕೆಳಗಿನ ಬೆಂಚಿನಲ್ಲಿ ನನಗೆ ಜಾಗ ಸಿಕ್ಕಿತು. ಪಕ್ಕದಲ್ಲಿ ಫೈಲು ಹಿಡಿದ ಹುಡುಗಿ ಶೈಲಶ್ರೀ, ಅವಳ ಚಿಕ್ಕಮ್ಮ ಅನ್ನವ್ವ.

“ನೀ ಉಂಡು ಕೈ ತೊಳಿಯೂದ್ರಾಗ ಮೊಬೈಲ್ ತಾನ ನೂರಾರು ಕಡೆ ಅರ್ಜಿ ಹಾಕೇತೇನ?”

“ಹೂಂ ಚಿಗವ್ವ, ನೌಕರಿ ಹುಡುಕೂ ಆ್ಯಪಿಗೆ ಎಲ್ಲಾ ಬಿಟ್ಟುಕೊಟ್ಟಿದ್ದೆ.”

“ಎಪ್ಪಾ! ಅದರಾಗ ಹಿಟ್ಟಿನ ಮಿಲ್ಲಿಗೂ ಯಾಕ ಹಾಕೇತಿ?”

“ಜಾನಪದ ಎಂ.ಎ.ದಾಗ ಬೀಸುಕಲ್ಲಿನ ಹಾಡು ಓದೇನಲ್ಲ, ಬೀಸೂದ್ರಾಗ ಅನುಭವ ಐತಿ ಅಂತ ಬರದೈತಿ.”

“ಹಾಡಿನ್ಯಾಗ ಹಿಟ್ಟು ತಗದೈತಿ! ಭಾಳ ಶಾಣ್ಯಾ ಬಿಡು.”

“ಇವತ್ತ ಹಾವೇರಿ ಕಾಲೇಜಿನ್ಯಾಗ ಜಾನಪದ ಕಲಿಸೂ ನೌಕರಿಗೆ ಇಂಟರ್‌ವ್ಯೂ ಇತ್ತು. ನನಗ ಬೇಕಾಗಿದ್ದು ಅದ. ಅದ ಹೊತ್ತಿಗೆ ಹುಬ್ಬಳ್ಳಿ ಮಿಲ್ಲಿನ ಕರೆನೂ ಬಂತು. ಮಿಲ್ಲಿನ ಪಗಾರ ಜಾಸ್ತಿ ಅಂತ ಆ್ಯಪು ಅದಕ್ಕ ಹೂಂ ಅಂದು, ಕಾಲೇಜಿಗೆ ‘ಬರೂದಿಲ್ಲ’ ಅಂತ ಬರದು ಕಳಿಸೈತಿ.”

“ನಿನ್ನ ಕೇಳದ?”

“ಕೇಳದ.”

“ಅಬ್ಬಾ, ಥೇಟ್ ನಮ್ಮಪ್ಪ! ನನ್ನ ಲಗ್ನಕ್ಕೂ ಹಿಂಗ ಹೂಂ ಅಂದು ಬಂದಿದ್ದ.”

“ಕಾಲೇಜಿನವರು ಒಳಗ ಬಿಡ್ತಾರಂತಿ?”

“ಹೋಗಿ ಬಾಗಲದಾಗ ನಿಂತು ಹಾಡು. ಬಾಯಿನೂ ಅದಕ್ಕ ಬಿಟ್ಟುಕೊಟ್ಟಿಲ್ಲಲ್ಲ?”

ಹುಬ್ಬಳ್ಳಿ ಬಸ್ಸು ಬಂತು, ಇಬ್ಬರೂ ಏಳಲಿಲ್ಲ. ಹಾವೇರಿ ಬಸ್ಸು ಬಂದಾಗ ಹತ್ತಿ ಹೋದರು.