ಎರಡು ಹೊಟ್ಟೆಯ ಟ್ರಕ್ಕು, ಹುಬ್ಬಳ್ಳಿಯ ಸಂಪು

...ಶುಕ್ರವಾರ ಅಲ್ಲ, ಶನಿವಾರ, ಇಲ್ಲಿ ಮದುವೆ ಅಂದ್ರೆ ಶನಿವಾರವೇ ಅಲ್ವಾ, ಕೇಳ್ರೋ ಚಿಳ್ಳೆಗಳಾ, ಫೋನು ಕೆಳಗಿಡಿ. ಕಷ್ಟ ಅಂದ್ರೆ ನಿಮಗೇನ್ರೋ ಗೊತ್ತು? ನಂಗೆ ಹದಿನೆಂಟು ತುಂಬಿದೆ, ಅರ್ಧ ಸ್ಕೂಲು ಓದಿದ ಹಿರಿಯ, ಸ್ವಲ್ಪ ಮರ್ಯಾದೆ ಇರ್ಲಿ. ಆ ಕಾಲದಲ್ಲಿ, ಅಂದ್ರೆ ಹೋದ ವರ್ಷ, ನನ್ನ ಮೊದಲ ಕೆಲಸ. ಶಾಂತಾ ಆಂಟಿ ಬಿಚ್ಚಿ ಕಟ್ಟೋ ಮದುವೆ ಮಂಟಪ ಬಾಡಿಗೆಗೆ ಕೊಡ್ತಾರಲ್ಲ, ಅದನ್ನ ಮಾರ್ಗನ್ ಹಿಲ್ಲಿಂದ ಒಯ್ದು ನಿಲ್ಲಿಸೋದು. ಅವರ ಪಿಕಪ್ ಟ್ರಕ್ಕು ನಮ್ಮಪ್ಪನ ಮೀಸೆಗಿಂತ ಹಳೇದು. ಅದಕ್ಕೆ ಪೆಟ್ರೋಲ್ ಟ್ಯಾಂಕು ಎರಡು, ಮುಂದೊಂದು, ಹಿಂದೊಂದು, ಒಳಗೆ ಒಂದೊಂದು ಪಂಪು. ಯಾವುದರಿಂದ ಕುಡೀಬೇಕು ಅಂತ ಹೇಳೋಕೆ ಸ್ಟೀರಿಂಗ್ ಪಕ್ಕ ಒಂದು ಸ್ವಿಚ್ಚು. "ಹಿಂದಿನ ಪಂಪು ಸತ್ತಿದೆ, ಆ ಟ್ಯಾಂಕು ಖಾಲಿ, ಸ್ವಿಚ್ ಮುಟ್ಟಬೇಡ" ಅಂದ್ರು ಆಂಟಿ. "ಪಾಲೋ ಆಲ್ಟೋದಲ್ಲಿ ಹತ್ತೂವರೆಗೆ ಮುಹೂರ್ತ. ಅಷ್ಟರೊಳಗೆ ಮಂಟಪ ನಿಲ್ಲದಿದ್ರೆ ನಿಂಗೆ ಕೆಲಸ ಇಲ್ಲ, ಮತ್ತೆ ಸ್ಕೂಲೇ ಗತಿ."

ಆ ಮದುವೆಗೆ ನಮ್ಮಜ್ಜಿಗೂ ಕರೆಯೋಲೆ ಇತ್ತು. ಆರು ತಿಂಗಳಿಗೆ ಅಂತ ಹುಬ್ಬಳ್ಳಿಯಿಂದ ಬಂದಿದ್ಲಲ್ಲ, ರೇಷ್ಮೆ ಸೀರೆ ಉಟ್ಟು, ಸ್ಟೂಲ್ ಹತ್ತಿ, ನನ್ನ ಪಕ್ಕ ಕೂತ್ಲು. ನನ್ನ ಕೈ ಸುಮ್ನಿರುತ್ತಾ? ಸ್ವಿಚ್ಚನ್ನ ಹಿಂದಿನ ಟ್ಯಾಂಕಿಗೆ ಒತ್ತಿದೆ. ಎಂಜಿನ್ನು ಬಿಕ್ಕೋಕೆ ಶುರು. "ಅಜ್ಜೀ, ಗಾಡಿ ಸಾಯ್ತಿದೆ, ದೇವರನ್ನ ಕರಿ!" "ಹನುಮಪ್ಪಾ, ಕಾಪಾಡಪ್ಪಾ!" ತಕ್ಷಣ ಸ್ವಿಚ್ಚು ವಾಪಸ್, ಗಾಡಿ ಗುಡುಗುಡು. ಅಜ್ಜಿ ಡ್ಯಾಶ್‌ಬೋರ್ಡಿಗೇ ಕೈ ಮುಗಿದ್ಲು. ಹೀಗೆ ಎರಡು ಸಲ ಮಾಡಿದೆ. ಇಲ್ಲ, ಸುಳ್ಳು ಯಾಕೆ, ಮೂರು ಸಲ.

ಸ್ಯಾನ್ ಹೋಸೆ ದಾಟಿದ್ವಿ ನೋಡಿ, ಬೆಳಿಗ್ಗೆ ಗಂಟಲು ತನಕ ತುಂಬಿಸಿದ್ದ ಮುಂದಿನ ಟ್ಯಾಂಕಿನ ಮೀಟರ್ ಮುಳ್ಳು ಸೊನ್ನೆಗೆ ಬಿದ್ದಿತ್ತು! ಗಾಡಿ ನಿಜವಾಗ್ಲೂ ಬಿಕ್ಕಿತು. ಹೇಗೋ ಫ್ರೀವೇ ಬಿಟ್ಟು ಪಕ್ಕದ ರಸ್ತೆಗೆ ಇಳಿಸಿದೆ, ಅಲ್ಲೇ ನಿಂತೋಯ್ತು. ಎಂಟೂಮುಕ್ಕಾಲು. "ಅಜ್ಜಿ, ಈ ಸಲ ನಾನಲ್ಲ." "ಹನುಮಪ್ಪನ್ನ ಮತ್ತ ಕರೀಲೇನು, ಮಂಗ್ಯಾ?" ಎರಡೂ ಕೈ ಎತ್ತಿ ತೋರಿಸಿದೆ. ಕಣ್ಣಲ್ಲಿ ನೀರು ಬಂದಿತ್ತು ಕಣ್ರೋ, ನಗಬೇಡಿ. ಅಜ್ಜಿ ನನ್ನ ಮುಖ ನೋಡಿದ್ಲು, ಸೀರೆ ಎತ್ತಿ ಕಟ್ಟಿ ಕೆಳಗಿಳಿದ್ಲು, ಗಾಡಿ ಸುತ್ತ ಮೂಸ್ತಾ ಹೋದ್ಲು.

"ತಮ್ಮಾ, ಹಿಂದ ಬಾ. ಮುಚ್ಚಳದಾಗಿಂದ ಪೆಟ್ರೋಲ್ ಜಿನಗಾಕತ್ತೈತಿ."

"ಅದು ಖಾಲಿ ಟ್ಯಾಂಕು ಅಜ್ಜಿ."

"ಖಾಲಿ ಇದ್ದದ್ದು ಹೆಂಗ ಜಿನಗತೈತಿ? ಹುಬ್ಬಳ್ಳ್ಯಾಗ ನಮಗ ಎಂಟು ದಿನಕ್ಕೊಮ್ಮಿ ನೀರು. ಸಂಪು ತುಂಬಿಸಿ, ಮೋಟರ್ ಹಚ್ಚಿ ಮ್ಯಾಲಿನ ಟಾಕಿಗೆ ಏರಸ್ತೀವಿ. ನಡುವಿನ ವಾಲ್ ಕೆಟ್ಟಿತಂದ್ರ ಮ್ಯಾಲಿನ ನೀರೆಲ್ಲಾ ಸದ್ದಿಲ್ಲದ ಸಂಪಿಗೆ ಇಳೀತೈತಿ. ಟಾಕಿ ಖಾಲಿ, ಸಂಪು ಉಕ್ಕತೈತಿ. ಇದೂ ಹಂಗ. ನಿನ್ನ ಪೆಟ್ರೋಲ್ ಎಲ್ಲೂ ಹೋಗಿಲ್ಲ, ಮನಿ ಬದಲಿ ಮಾಡೈತಿ."

ಅಜ್ಜಿಗೆ ಡ್ರೈವಿಂಗ್ ಗೊತ್ತಿಲ್ಲ, ಎಂಜಿನ್ ಮುಚ್ಚಳ ಯಾವತ್ತೂ ಎತ್ತಿಲ್ಲ, ಆದ್ರೂ ಕಬ್ಬಿಣದ ಒಳಗಿನ ದಾರಿಯೆಲ್ಲ ಅವಳಿಗೆ ಕಾಣಿಸ್ತಿತ್ತು! ಆದ್ರೆ ಇರೋ ಪೆಟ್ರೋಲೆಲ್ಲ ಪಂಪು ಸತ್ತಿರೋ ಟ್ಯಾಂಕಲ್ಲೇ ಇದೆಯಲ್ಲ, ಏನು ಮಾಡೋದು? ಅಜ್ಜಿ ಸ್ವಿಚ್ಚನ್ನ ಹಿಂದಿನ ಟ್ಯಾಂಕಿಗೆ ಒತ್ತಿಸಿ ಕೀ ತಿರುಗಿಸು ಅಂದ್ಲು, ಟ್ಯಾಂಕಿನ ಕಡೆ ಕಿವಿ ಕೊಟ್ಲು. ಪಂಪಿನ ಸದ್ದಿಲ್ಲ. "ಸತ್ತಿರಲಿಕ್ಕಿಲ್ಲ, ಹಿಡ್ಕೊಂಡೈತಿ. ಸಂಪಿನ ಮೋಟರ್ ಹಿಂಗ ಕುಂತ್ರ ನಾಕು ಬಡೀತೀವಿ. ಕಬ್ಬಿಣದ್ರಲೇ ಬ್ಯಾಡ, ಕಿಡಿ ಹಾರೀತು!" ಮಂಟಪದ ಕಂಬ ಹೊಡೆಯೋ ರಬ್ಬರ್ ಸುತ್ತಿಗೆ ತಗೊಂಡೆ. ಅಜ್ಜಿ ಡ್ರೈವರ್ ಸೀಟಲ್ಲಿ ಮಹಾರಾಣಿ ಥರ ಕೂತು ಕೀ ತಿರುಗಿಸೋದು, ನಾನು ಕೆಳಗೆ ತೂರಿ ಟ್ಯಾಂಕಿಗೆ ಬಡಿಯೋದು. ಒಂದು, ಇಲ್ಲ. ಎರಡು, ಇಲ್ಲ. ಮೂರನೇದಕ್ಕೆ ಟ್ಯಾಂಕಿನ ಹೊಟ್ಟೆಯೊಳಗಿಂದ "ಗುಂಯ್ಞ್..." ಅಂತ ಬಂತು ನೋಡಿ, ಎಷ್ಟೋ ವರ್ಷ ಮಲಗಿದ್ದವನು ಎದ್ದು ಆಕಳಿಸಿದ ಹಾಗೆ. ನಾನು ನೆಲದ ಮೇಲೆ ಮಲಗೇ ಕೈ ಮುಗಿದೆ. ಹನುಮಪ್ಪನಿಗಲ್ಲ, ಅಜ್ಜಿಗೆ.

ಒಂಬತ್ತೂವರೆಗೆ ತಲುಪಿದ್ವಿ. ಕೊನೆಯ ಕಂಬ ಹಿಡಿದವನು ಮದುಮಗನೇ, ಪಂಚೆ ಮೇಲೆ ಕಟ್ಟಿಕೊಂಡು. ಹತ್ತೂಕಾಲಿಗೆ ಮಂಟಪ ನಿಂತಿತ್ತು. ಶಾಂತಾ ಆಂಟಿ ನನ್ನ ಹತ್ರ ಬಂದು, ಪೆಟ್ರೋಲ್ ವಾಸನೆಗೆ ಮೂಗು ಮುಚ್ಕೊಂಡು, "ಸೋಮವಾರ ಬಾ, ಸ್ನಾನ ಮಾಡ್ಕೊಂಡು" ಅಂದ್ರು.

ಅಷ್ಟೇ. ಗಾಡಿ ನಿಂತ್ರೆ ಮುಳ್ಳು ನೋಡ್ತಾ ಅಳಬೇಡಿ, ಇಳಿದು ಮೂಸಿ. ಗೊತ್ತಾಗದಿದ್ರೆ ನೀರು ಹಿಡಿದಿಟ್ಟು ಸಂಸಾರ ಮಾಡಿದವರನ್ನ ಕೇಳಿ.